ಅಜ್ಜಿ ಹೇಳಿದ ‘ಹೋತು’

“ನೀವು ಬೇಡ. ನಿಮ್ಮ ಮಗಳೇ ಹೇಳಲಿ,” ಎಂದು ವಿಮಾ ಕಂಪನಿಯ ಸಾಹೇಬರು ಅಪ್ಪನಿಗೆ ಮರಾಠಿಯಲ್ಲಿ ಅಂದಾಗ ಕಸ್ತೂರಿಯ ಬಾಯಲ್ಲಿದ್ದ ಶೇಂಗಾ ಅಲ್ಲೇ ಉಳಿಯಿತು.

ಅವರೆಲ್ಲ ಹನ್ನೂರ ಕ್ರಾಸಿನ ಹತ್ತಿರ ಅಕ್ಕನಾಗಮ್ಮಜ್ಜಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಸಾಹೇಬರು ಪುಣೆಯವರು, ಕನ್ನಡ ಬಾರದು. ಅಜ್ಜಿಗೆ ಮರಾಠಿ ಬಾರದು. ಅಪ್ಪನಿಗೆ ಎರಡೂ ಬರುತ್ತಿದ್ದವು, ಆದರೆ ತಕರಾರು ಇದ್ದದ್ದೇ ಅಪ್ಪನ ಕಾರಿನದು. ಕಸ್ತೂರಿಗೆ ಮನೆಯಲ್ಲಿ ಕನ್ನಡ, ಸೋಲಾಪುರದ ಶಾಲೆಯಲ್ಲಿ ಮರಾಠಿ. ಹಾಗಾಗಿ ಎಲ್ಲರೂ ಅವಳನ್ನೇ ನೋಡಿದರು.

ಸಂಕ್ರಾಂತಿ ಮುಗಿದ ವಾರ ಅಪ್ಪ ಒಬ್ಬರೇ ಫಿಯೆಟ್ ಕಾರಿನಲ್ಲಿ ಹನ್ನೂರಿಗೆ ಹೊರಟಿದ್ದರು. ಈ ಕ್ರಾಸಿನಲ್ಲಿ ಬಲಕ್ಕೆ ಹೊರಳುವಾಗ, ಹಿಂದಿನಿಂದ ದಾಟಿ ಹೋಗಲು ಬಂದ ಟೆಂಪೋ ಬಡಿಯಿತು. ಯಾರಿಗೂ ಗಾಯವಾಗಲಿಲ್ಲ. ಕಾರಿನ ಬಾಗಿಲು ಮಾತ್ರ ನುಗ್ಗಾಗಿತ್ತು. ಅದನ್ನು ಕಣ್ಣಾರೆ ಕಂಡವಳು ಈ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಒಬ್ಬಳೇ.

ಕಾರಿನ ಇಂಡಿಕೇಟರ್ ಮೊದಲೇ ಕೆಟ್ಟಿತ್ತು. ತಾನು ಕೈ ತೋರಿಸಿಯೇ ಹೊರಳಿದೆ ಎಂದು ಅಪ್ಪ ಹೇಳಿದರು. ತೋರಿಸಲಿಲ್ಲ ಎಂದ ಟೆಂಪೋ ಡ್ರೈವರ್ ಧರೆಪ್ಪ. ಕೈ ತೋರಿಸಿದ್ದು ಖರೆಯಾದರೆ ಟೆಂಪೋದ ವಿಮೆ ಇದ್ದ ಸಾಹೇಬರ ಕಂಪನಿ ಕಾರು ರಿಪೇರಿ ಮಾಡಿಸಿಕೊಡಬೇಕು. ಇಲ್ಲದಿದ್ದರೆ ತಪ್ಪು ಅಪ್ಪನದೇ.

ತಮ್ಮ ಚಾದರದ ಅಂಗಡಿಗೆ ಬಂದವರಿಗೆಲ್ಲ ಅಪ್ಪ ಈ ಸಂಗತಿ ಹೇಳಿದ್ದರು. ಪ್ರತಿ ಸಲ ಹೇಳುವಾಗಲೂ ಅವರ ಕೈ ಕಿಟಕಿಯಿಂದ ಇನ್ನಷ್ಟು ಹೊರಗೆ ಬರುತ್ತಿತ್ತು.

ಹೋದ ವಾರ ಧರೆಪ್ಪ ಅಂಗಡಿಯ ಮುಂದೆ ಬಂದು ನಿಂತಿದ್ದ. ತಪ್ಪು ತನ್ನ ಮೇಲೆ ಬಂದರೆ ಮಾಲಕರು ಕೆಲಸದಿಂದ ತೆಗೆಯುತ್ತಾರೆ ಎಂದು ಹೇಳಿದ್ದ. ಅಪ್ಪ ಅವನನ್ನು ಮೆಟ್ಟಿಲು ಹತ್ತಗೊಡಲಿಲ್ಲ. ಕಸ್ತೂರಿ ಅದನ್ನು ಒಳಗಿನಿಂದ ನೋಡಿದ್ದಳು.

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು. “ಹಾತ ಬಾಹೇರ ಹೋತಾ ಕಾ?”

ಕಸ್ತೂರಿ ಅಜ್ಜಿಯ ಕಡೆ ತಿರುಗಿದಳು. “ಅಜ್ಜೀ, ಗಾಡಿ ಹೊಳ್ಳುವಾಗ ಅಪ್ಪನ ಕೈ ಹೊರಗ ಇತ್ತೇನ್ರಿ?”

ಅಜ್ಜಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಕಂಡದ್ದನ್ನು ನೆನಪು ಮಾಡಿಕೊಂಡು ಹೇಳಿದಳು. “ಕೈ ಹೊರಗ ಬಂತವ್ವಾ. ಬಾಳಿಹಣ್ಣಿನ ಸಿಪ್ಪಿ ಒಗದ. ಕೈ ಒಳಗ ಹೋತು. ಆಮ್ಯಾಲೆ ಗಾಡಿ ಹೊಳ್ಳಿತು.”

“ಹೋತಾ ನಾ? ಬಸ್!” ಎಂದು ಸಾಹೇಬರು ಬರೆಯಲು ಬಗ್ಗಿದರು.

ಕಸ್ತೂರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮರಾಠಿಯಲ್ಲಿ ‘ಹೋತಾ’ ಅಂದರೆ ‘ಇತ್ತು’. ಅಜ್ಜಿ ಹೇಳಿದ ‘ಹೋತು’ ಅಂದರೆ ‘ಹೋಯಿತು’. ಅಷ್ಟು ಮಾತಿನಲ್ಲಿ ಸಾಹೇಬರ ಕಿವಿಗೆ ಬಿದ್ದದ್ದು ಅದೊಂದೇ ಶಬ್ದ. ಕೈ ಹೊರಗೆ ಇತ್ತು ಎಂದೇ ಅವರು ಬರೆಯುತ್ತಿದ್ದರು.

ತಾನು ಸುಳ್ಳು ಹೇಳಿಲ್ಲ. ಈಗ ಸುಮ್ಮನೆ ಕೂತರೆ ಸಾಕು, ಎಲ್ಲ ಮುಗಿಯುತ್ತದೆ.

ಅವಳು ಅಪ್ಪನ ಕಡೆ ನೋಡಿದಳು. ಅಜ್ಜಿಯ ಮಾತೂ ಸಾಹೇಬರ ಮಾತೂ ಅಪ್ಪನಿಗೆ ತಿಳಿದಿದ್ದವು. ಆದರೂ ಅವರು ಸುಮ್ಮನೆ ರಸ್ತೆಯ ಕಡೆ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದ ಧರೆಪ್ಪನ ಮುಖ ಕಸ್ತೂರಿಯ ಕಣ್ಣ ಮುಂದೆ ಬಂತು.

“ಸಾಹೇಬ್, ಅಜ್ಜಿ ಹಾಗೆ ಹೇಳಲಿಲ್ಲ,” ಎಂದಳು ಮರಾಠಿಯಲ್ಲಿ. ಸಿಪ್ಪೆ ಒಗೆದದ್ದು, ಕೈ ಒಳಗೆ ಹೋದದ್ದು, ಆಮೇಲೆ ಕಾರು ಹೊರಳಿದ್ದು, ಎಲ್ಲವನ್ನೂ ಹೇಳಿದಳು. ಹೇಳುವಾಗ ತಲೆ ಎತ್ತಲಿಲ್ಲ.

ಸಾಹೇಬರು ಬರೆಯುವುದನ್ನು ನಿಲ್ಲಿಸಿ, ಇದು ಹೌದೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು. ಸಾಹೇಬರು ಬರೆದದ್ದರ ಮೇಲೆ ಗೀಟು ಹಾಕಿದರು.

ಸೋಲಾಪುರ ಮುಟ್ಟುವವರೆಗೂ ಕಾರಿನಲ್ಲಿ ಮಾತಿಲ್ಲ. ಸಾಹೇಬರು ಸ್ಟೇಷನ್ ಹತ್ತಿರ ಇಳಿದರು. ಇನ್ನು ಬೈಗುಳ ಬೀಳುತ್ತದೆ ಎಂದು ಕಸ್ತೂರಿ ಹಿಂದಿನ ಸೀಟಿನಲ್ಲಿ ಮುದುಡಿ ಕೂತಳು. ಕನ್ನಡಿಯಲ್ಲಿ ಅಪ್ಪನ ಹುಬ್ಬು ಗಂಟಿಕ್ಕಿತ್ತು. ತುಟಿ ಆಗಾಗ ಅಲುಗುತ್ತಿತ್ತು.

ಕಾರು ಮನೆಯ ಕಡೆ ಹೋಗಲಿಲ್ಲ. ಟೆಂಪೋಗಳು ನಿಲ್ಲುವ ಬಯಲಿನ ಮುಂದೆ ನಿಂತಿತು. “ಇಲ್ಲೇ ಕೂಡು,” ಎಂದು ಹೇಳಿ ಅಪ್ಪ ಇಳಿದರು.

ಧರೆಪ್ಪ ಒಂದು ಟೆಂಪೋದ ಚಕ್ರದ ಹತ್ತಿರ ಕೂತಿದ್ದ. ಅಪ್ಪನನ್ನು ಕಂಡು ಗಡಬಡಿಸಿ ಎದ್ದ. ಅಪ್ಪ ಏನೋ ಹೇಳಲು ಹೋಗಿ ನಿಲ್ಲಿಸಿದರು. ತಲೆಯ ಮೇಲಿನ ಟೊಪ್ಪಿಗೆ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ತಲೆ ತಗ್ಗಿಸಿ ಮಾತಾಡತೊಡಗಿದರು. ಅಂಗಡಿಯಲ್ಲಿ ಅಷ್ಟು ಜೋರಾಗಿ ಮಾತಾಡುವ ಅಪ್ಪನ ದನಿ ಕಾರಿನವರೆಗೂ ಬರಲಿಲ್ಲ.

ಕಸ್ತೂರಿ ಕಿಟಕಿಗೆ ಮುಖ ಹಚ್ಚಿ ನೋಡುತ್ತಿದ್ದಳು. ದಾರಿಯುದ್ದಕ್ಕೂ ಅಪ್ಪ ತನ್ನ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡಿದ್ದಳು. ಸಿಟ್ಟಲ್ಲ. ಅವರು ಈ ಮಾತುಗಳನ್ನು ಹುಡುಕುತ್ತ ಬಂದಿದ್ದರು.