ಅವನು ನೋಡದ ವಾಲ್‌ಪೇಪರ್

“ಡಾಕ್ಟ್ರೇ, ಈ ಅಜ್ಜಿ ಇನ್ನೂ ಎಷ್ಟು ದಿನ ಬದುಕ್ತಾಳೆ, ನಿಜ ಹೇಳಿ.”

ಗಾಜಿನ ಬಾಗಿಲು ತಳ್ಳಿಕೊಂಡು ಬಂದ ಟೀಚರ್ ತನ್ನ ಹಳೆಯ ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲಿಟ್ಟಳು. ಲ್ಯಾಪ್‌ಟಾಪ್ ರಿಪೇರಿಯವನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಅವಳನ್ನು ಅವನು ಟೀಚರ್ ಅನ್ನುತ್ತಿದ್ದ. ಆ ಕರೆಯುವಿಕೆಯಲ್ಲೇ ಒಂದು ಸಲುಗೆಯಿತ್ತು. ಆ ಸಲುಗೆಯನ್ನೇ ಮನಸ್ಸಿನಲ್ಲಿ ಚಪ್ಪರಿಸಿಕೊಂಡು ಪುಣ್ಯಾತ್ಮ ವರ್ಷಗಟ್ಟಲೆ ಮೀನಮೇಷ ಎಣಿಸುತ್ತಾ ಕೂತಿದ್ದ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತೋ!

“ಅಜ್ಜಿ ಗಟ್ಟಿಯಾಗೇ ಇದ್ದಾಳೆ. ಏನ್ ತೊಂದ್ರೆ?”

“ಹೊಸ ಆಪರೇಟಿಂಗ್ ಸಿಸ್ಟಮ್ ಹಾಕ್ಬೇಕು. ಹಳೇದ್ರಲ್ಲಿ ಕ್ಲಾಸಿನ ಆ್ಯಪ್ ಓಪನ್ನೇ ಆಗ್ತಿಲ್ಲ. ಆದ್ರೆ ನನ್ನ ಫೈಲು, ಫೋಟೋ ಒಂದೂ ಹೋಗ್ಬಾರ್ದು.”

“ಯಾವತ್ತಿಗೆ ಬೇಕು?”

“ಇವತ್ತೇ. ಇಲ್ಲೇ ಕೂತಿರ್ತೀನಿ.” ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮುಂದಿನ ವಾರ ನನ್ನ ಮದುವೆ. ಆಮೇಲೆ ಬೇರೆ ಊರು. ಕ್ಲಾಸ್ ಮಾತ್ರ ಬಿಡಲ್ಲ.”

ಅವನು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. “ಒಳ್ಳೇದಾಯ್ತು” ಎಂದ. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಅನುಮಾನವಾಯಿತು.

ಕೆಲಸಕ್ಕೆ ಕೂತ. ಮೊದಲು ಅವಳ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟ. ಆಮೇಲೆ ಪಾಸ್‌ವರ್ಡ್ ಹಾಕಿಸಿಕೊಂಡು, ಒಳಗಿದ್ದದ್ದೆಲ್ಲ ಇದ್ದ ಹಾಗೇ ಇರುವಂತೆ ಅಪ್‌ಗ್ರೇಡ್ ಶುರು ಮಾಡಿದ. ಹಳೆಯ ಯಂತ್ರ. ಏದುಸಿರು ಬಿಡುತ್ತಾ ಒಂದೊಂದೇ ಹೆಜ್ಜೆ ಏರುತ್ತಿತ್ತು. ಆರಿಹೋಗುತ್ತಿತ್ತು, ಮತ್ತೆ ಹತ್ತಿಕೊಳ್ಳುತ್ತಿತ್ತು. ಮೊದಲೆಲ್ಲ ಇಂಥ ಹೊತ್ತಿನಲ್ಲಿ ಅವಳ ಮಾತಿಗೆ ಬ್ರೇಕೇ ಇರುತ್ತಿರಲಿಲ್ಲ. ಇವತ್ತು ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು.

“ಹೇಗಿದ್ದಾರೆ, ಮದುವೆ ಆಗೋರು?”

“ಒಳ್ಳೆಯವರು. ಅಪ್ಪನ ಜೊತೆ ಚೆಸ್ ಆಡ್ತಾರೆ. ಬೇಕೂಂತ್ಲೇ ಸೋಲ್ತಾರೆ.”

“ನನಗೆ ಆ ಕಷ್ಟ ಇರ್ತಿರ್ಲಿಲ್ಲ. ಬೇಡಾಂದ್ರೂ ಸೋಲ್ತಿದ್ದೆ.”

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವನನ್ನೇ ನೋಡಿದಳು, ಏನೋ ಕೇಳಲು ಹೊರಟವಳಂತೆ. ಅವನು ತಿರುಗುವಷ್ಟರಲ್ಲಿ ಅವಳ ಕಣ್ಣು ಆಗಲೇ ರಸ್ತೆಯ ಕಡೆ ಇತ್ತು.

ಸಂಜೆಯ ಹೊತ್ತಿಗೆ ಹೊಸ ಪರದೆ ತೆರೆದುಕೊಂಡಿತು. ಫೈಲುಗಳೆಲ್ಲ ಸುರಕ್ಷಿತವಾಗಿದ್ದವು. ಹಿನ್ನೆಲೆಗೆ ಮಾತ್ರ ಕಂಪನಿಯ ನೀಲಿ ಚಿತ್ರ ಬಂದು ಕೂತಿತ್ತು.

“ಅಯ್ಯೋ, ನನ್ನ ಕ್ಲಾಸಿನ ಮಕ್ಕಳು ಬಿಡಿಸಿದ ಚಿತ್ರ ಎಲ್ಲಿ?”

“ಗಾಬರಿ ಬೇಡ. ಹಿಂದೆ ಇಟ್ಟಿದ್ದ ಚಿತ್ರಗಳೆಲ್ಲ ಸೆಟ್ಟಿಂಗ್ಸ್‌ನಲ್ಲಿ ಇರುತ್ತೆ.” ಅವನು ಅಲ್ಲಿ ಕ್ಲಿಕ್ ಮಾಡಿದ.

ಹಳೆಯ ವಾಲ್‌ಪೇಪರುಗಳು ಉಗುರಿನಷ್ಟು ಚಿಕ್ಕದಾಗಿ ಸಾಲಾಗಿ ಬಂದವು. ಮಕ್ಕಳ ಚಿತ್ರ, ಒಂದು ಸಮುದ್ರ, ಒಂದು ಬೆಕ್ಕು. ಕೊನೆಯದರಲ್ಲಿ ಅವನೇ ಇದ್ದ.

“ಇದು... ನಾನಲ್ವಾ?”

ಅವಳ ಮುಖ ಕೆಂಪಾಯಿತು. ಮರುಕ್ಷಣವೇ ಬಿಳಿಚಿಕೊಂಡಿತು. “ಅದಿನ್ನೂ ಇದೆಯಾ? ತೆಗೆದುಬಿಟ್ಟಿದ್ದೆ ಅಂದ್ಕೊಂಡಿದ್ದೆ.”

“ಯಾವಾಗ ಹಾಕಿದ್ರಿ?”

“ಹೋದ ಬೇಸಿಗೆ. ಕೀಬೋರ್ಡ್ ಬದಲಾಯಿಸೋಕೆ ಕೊಟ್ಟಿದ್ನಲ್ಲ, ಆಗ. ಆನ್ ಮಾಡಿದ ತಕ್ಷಣ ನಿಮಗೆ ಕಾಣಲಿ ಅಂತ.” ಅವಳು ಪರದೆಯಿಂದ ಕಣ್ಣು ತೆಗೆದಳು. “ನೀವು ‘ಎಲ್ಲಾ ಸರಿಯಿದೆ ಟೀಚರ್’ ಅಂತ ವಾಪಸ್ ಕೊಟ್ರಿ. ಇಷ್ಟ ಇಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳ್ತಿದ್ದೀರಿ ಅಂದ್ಕೊಂಡೆ.”

ಅವನು ತಲೆ ಹಿಡಿದುಕೊಂಡು ಕೂತುಬಿಟ್ಟ. “ನಾನು ನೋಡ್ಲೇ ಇಲ್ಲ. ಕೀಬೋರ್ಡ್ ಟೆಸ್ಟ್ ಮಾಡೋಕೆ ನಿಮ್ಮ ಡೆಸ್ಕ್‌ಟಾಪ್ ತೆರೆಯೋದೇ ಬೇಕಿಲ್ಲ ಟೀಚರ್. ನನ್ನ ಪೆನ್‌ಡ್ರೈವಿಂದ ಆನ್ ಮಾಡ್ತೀನಿ. ಗಿರಾಕಿಗಳದ್ದು ಏನನ್ನೂ ನೋಡಬಾರ್ದು ಅಂತ.”

“ನೋಡ್ಲೇ ಇಲ್ವಾ?”

“ನಿಮ್ಮಾಣೆ.”

ಎಂಥ ಪ್ರಾಮಾಣಿಕತೆಯಪ್ಪಾ! ಇಬ್ಬರ ಬದುಕಿಗೂ ಕಲ್ಲು ಹಾಕಿದ ಪ್ರಾಮಾಣಿಕತೆ.

“ಈಗ ನೋಡಿ,” ಎಂದಳು. “ನಿಮಗೋಸ್ಕರ ತಾನೇ ಹಾಕಿದ್ದು.”

ಅವನು ಕ್ಲಿಕ್ ಮಾಡಿದ. ಚಿತ್ರ ಪರದೆ ತುಂಬಿತು. ಹಿಂದೆ ಅವನು, ಯಾರದೋ ಯಂತ್ರದ ಮೇಲೆ ಬಗ್ಗಿಕೊಂಡು, ಪ್ರಪಂಚ ಮರೆತು ಸ್ಕ್ರೂ ಬಿಚ್ಚುತ್ತಿದ್ದ. ಮುಂದೆ ಅವಳು, ಫೋನು ಹಿಡಿದು ಸೆಲ್ಫಿ ತೆಗೆಯುತ್ತಿದ್ದಳು. ಆದರೆ ಅವಳ ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ. ಪಕ್ಕಕ್ಕೆ ಹೊರಳಿ ಅವನನ್ನೇ ನೋಡುತ್ತಿತ್ತು. ಅಂಥ ನೋಟಕ್ಕೆ ಬೇರೆ ಅರ್ಥ ಹುಡುಕುವಷ್ಟು ದಡ್ಡ ಅವನೂ ಅಲ್ಲ. ಅವನ ಕಣ್ಣು ತುಂಬಿ ಬಂತು.

“ಈಗ ಏನೂ ಆಗಲ್ವಾ?”

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. “ನಿಮ್ಮ ವಿಷಯ ಅವರಿಗೆ ಹೇಳಿದ್ದೆ. ‘ಮರೆಯೋಕೆ ಎಷ್ಟು ದಿನ ಬೇಕೋ ತಗೊಳ್ಳಿ, ನಾನು ಕಾಯ್ತೀನಿ’ ಅಂದ್ರು. ಕಾದರು ಕೂಡ. ಆಮೇಲೆ ನಾನೇ ಹೋಗಿ ಒಪ್ಪಿಗೆ ಅಂದೆ. ಕೆಟ್ಟವರಾಗಿದ್ರೆ ಈಗಲೇ ಎದ್ದು ಬಂದುಬಿಡ್ತಿದ್ದೆ ಡಾಕ್ಟ್ರೇ. ಅಂಥವರಿಗೆ ಮೋಸ ಮಾಡೋಕೆ ನನ್ನ ಕೈಲಿ ಆಗಲ್ಲ.”

ಮಕ್ಕಳ ಚಿತ್ರವನ್ನು ಅವಳೇ ಮತ್ತೆ ಹಿನ್ನೆಲೆಗೆ ಹಾಕಿದಳು. ಲ್ಯಾಪ್‌ಟಾಪ್ ಮುಚ್ಚಿ ಎದೆಗೊತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿದಳು.

“ಆವತ್ತು ನೋಡಿದ್ರೆ ಏನ್ ಮಾಡ್ತಿದ್ರಿ?”

“ಅಂಗಡಿ ಬಾಗಿಲು ಹಾಕೋದನ್ನೂ ಮರೆತು ನಿಮ್ಮ ಹಿಂದೆ ಓಡಿ ಬರ್ತಿದ್ದೆ.”

ಅವಳು ತುಟಿ ಕಚ್ಚಿ ತಲೆಯಾಡಿಸಿದಳು. “ಆವತ್ತು ರಸ್ತೆಯ ಆ ತಿರುವಿನವರೆಗೂ ನಾನು ತುಂಬಾ ನಿಧಾನವಾಗಿ ನಡೆದೆ. ನೀವು ಬರಬಹುದು ಅಂತ.”

ಬಾಗಿಲು ಮುಚ್ಚಿತು. ಅವನು ಗಾಜಿನ ಹಿಂದೆ ನಿಂತು ನೋಡಿದ. ಇವತ್ತು ಅವಳು ಬೇಗಬೇಗ ನಡೆಯುತ್ತಿದ್ದಳು.