ಮೂರನೇ ಪ್ರೆಸ್ಸಿನ ಫೈಲು

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ತಗಡು ಒತ್ತುವ ಕಾರ್ಖಾನೆಯಲ್ಲಿ ಹಿಂದಿನ ದಿನ ಅವಳ ಗಂಡನ ಬಲಗೈ ಪ್ರೆಸ್ಸಿನಡಿ ಜಜ್ಜಿಹೋಗಿತ್ತು. ಕೈ ಒಳಗಿದ್ದರೆ ತಾನಾಗಿ ನಿಲ್ಲಬೇಕಾದ ಯಂತ್ರ ನಿಂತಿರಲಿಲ್ಲ. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ ಕಾನ್‌ಸ್ಟೆಬಲ್ ಜೊತೆ ಹೊರಟರು.

ಪೊಲೀಸರಿಗೆ ಶ್ರಮವಾಗದಿರಲಿ ಎಂಬಂತೆ ಕಾರ್ಖಾನೆಯವರು ಅಪರಾಧಿಯನ್ನು ಸಿದ್ಧ ಮಾಡಿಟ್ಟಿದ್ದರು. ಪ್ರೆಸ್ಸಿನ ಪ್ರೋಗ್ರಾಂ ಬರೆದ ಹುಡುಗಿ. ಕೆಲಸಕ್ಕೆ ಸೇರಿ ವರ್ಷವೂ ಆಗದವಳ ತಲೆಗೆ ಎಲ್ಲವನ್ನೂ ಕಟ್ಟಿ ಕೈ ತೊಳೆದುಕೊಂಡಿದ್ದರು. ಬೇರೆ ಸಾಕ್ಷ್ಯ ಸಿಗದಿದ್ದರೆ ಸಂಜೆಗೆ ಅವಳ ಬಂಧನ ಖಚಿತ.

"ಕೈ ನೋಡು ಅಂತ ನಾನು ಬರೆದ ಸಾಲು ಇಲ್ಲೇ ಇದೆ ಸಾರ್," ಎಂದು ಅವಳು ಕಂಪ್ಯೂಟರ್ ಪರದೆ ತೋರಿಸಿದಳು.

ಪ್ರೆಸ್ಸು ನಡೆಸುವ ಆದೇಶಗಳ ಗುಂಪು, ಅವರ ಮಾತಿನಲ್ಲಿ ಕ್ಲಾಸ್, ಒಂದೇ. ಆದರೆ ಅದನ್ನು ನಾಲ್ಕು ಫೈಲುಗಳಲ್ಲಿ ಹಂಚಿ, ಒಬ್ಬೊಬ್ಬರು ಒಂದೊಂದು ಬರೆದಿದ್ದರು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಲ್ಲವನ್ನೂ ಕೂಡಿಸಿ ಒಂದು ಮಾಡುತ್ತಿತ್ತು. ಒತ್ತುವ ಮೊದಲು ಕೈ ಇದೆಯೇ ನೋಡು ಎಂಬ ಆದೇಶ ಅವಳ ಫೈಲಿನಲ್ಲಿತ್ತು. ನೋಡುವ ಕೆಲಸ ಇನ್ನೊಂದು ಫೈಲಿನದು. ಆ ಫೈಲು ಇಲ್ಲದಿದ್ದರೆ ಕಂಪೈಲರ್ ಚಕಾರ ಎತ್ತದೆ ಆದೇಶವನ್ನೇ ಬಿಟ್ಟು ಮುಂದೆ ಹೋಗುತ್ತದೆ ಎಂದಳು.

ಪಂಚನಾಮೆ ಬರೆದು ಕಾರ್ಖಾನೆಯ ಆರೂ ಪ್ರೆಸ್ಸುಗಳ ಪ್ರೋಗ್ರಾಂ ವಶಕ್ಕೆ ಪಡೆದರು. ಐದರಲ್ಲಿ ಆ ಫೈಲಿತ್ತು. ಗಾಯಾಳು ನಡೆಸುತ್ತಿದ್ದ ಮೂರನೆಯದರಲ್ಲಿ ಮಾತ್ರ ಇರಲಿಲ್ಲ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದುದರಿಂದ ತೆಗೆದವರ ಗುರುತೂ ಇರಲಿಲ್ಲ.

ಹಳೇ ದ್ವೇಷ ಎಂದು ಕಾನ್‌ಸ್ಟೆಬಲ್ ತೀರ್ಪು ಕೊಟ್ಟುಬಿಟ್ಟ. ಇನ್ಸ್‌ಪೆಕ್ಟರ್ ಆ ಫೈಲು ಬರೆದವನನ್ನು ಆಸ್ಪತ್ರೆಯಿಂದ ಕಾರ್ಖಾನೆಗೆ ಕರೆಸಿದರು. ಅವನು ಗಾಯಾಳುವಿನ ಒಡಹುಟ್ಟಿದ ಅಣ್ಣ.

"ಫೈಲು ತೆಗೆದದ್ದು ಯಾರು?"

"ತಮ್ಮನ ಹತ್ರ ಹೋಗ್ಬೇಕು ಸಾರ್."

"ಸಂಜೆ ಆ ಹುಡುಗೀನ ಒಳಗೆ ಹಾಕ್ತೀನಿ. ಸರೀನಾ?"

ಅವನು ಗಾಜಿನಾಚೆ ಕೂತಿದ್ದ ಹುಡುಗಿಯನ್ನು ನೋಡಿದ. "ಬೇಡ ಸಾರ್. ನಾನೇ ತೆಗೆದೆ."

ಕೈ ಗುರುತಿಸುವ ಸೆನ್ಸರಿಗೆ ಎಣ್ಣೆ ಹಿಡಿದು, ಕೈ ಇಲ್ಲದಿದ್ದರೂ ಪ್ರೆಸ್ಸು ನಿಲ್ಲುತ್ತಿತ್ತಂತೆ. ಕೆಲಸ ಹಿಂದೆ ಬಿದ್ದು ತಮ್ಮನಿಗೆ ಕೊನೆಯ ಎಚ್ಚರಿಕೆ ಬಂದಿತ್ತು. ಹೊಸ ಸೆನ್ಸರ್ ಬರುವವರೆಗೆ ಮಾತ್ರ ಎಂದುಕೊಂಡಿದ್ದನಂತೆ.

"ತಮ್ಮನಿಗೆ ಹೇಳಿದ್ರಾ?"

"ಹೇಳಿದ್ರೆ ಹೆದರಿ ನಿಧಾನ ಮಾಡ್ತಾನೆ ಅಂತ ಹೇಳ್ಲಿಲ್ಲ. ಅವ್ನು ಪ್ರೆಸ್ಸು ನಿಲ್ಲುತ್ತೆ ಅಂತ ಎಂದಿನ ಹಾಗೆ ಕೈ ಹಾಕಿದ್ದಾನೆ."

ಇನ್ಸ್‌ಪೆಕ್ಟರಿಗೆ ಸಿಟ್ಟೂ ಬಂತು, ಮರುಕವೂ ಬಂತು. ಹುಡುಗಿಯನ್ನು ಮನೆಗೆ ಕಳಿಸಿ, ಅವನನ್ನು ಬಂಧಿಸಿದರು.

ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಕಾನ್‌ಸ್ಟೆಬಲ್ ನಿಯಮದಂತೆ ಕೇಳಿದ. ಅಪ್ಪ ಅಮ್ಮ ಇಲ್ಲ, ಮದುವೆಯಾಗಿಲ್ಲ. ತಮ್ಮನಿಗೇ ತಿಳಿಸಬೇಕು ಎಂದ ಅವನು.

ಇನ್ಸ್‌ಪೆಕ್ಟರ್ ಟೋಪಿ ತೆಗೆದುಕೊಂಡು ತಾವೇ ಆಸ್ಪತ್ರೆಗೆ ಹೊರಟರು.