ಮರದ ಮೇಲಿನ ಹಾಡು

ದ್ವೀಪದ ಹಳೆಯ ಸಂಸದ ಸತ್ತ ಸಂಜೆ ತೆಬಾನೊ ತೆಂಗಿನ ಮರದ ಮೇಲೆ ಹಾಡುತ್ತಾ ಕಳ್ಳು ಇಳಿಸುತ್ತಿದ್ದ. ಸುದ್ದಿ ಕಿವಿಗೆ ಬಿದ್ದದ್ದೇ ಹಾಡನ್ನು ಅರ್ಧಕ್ಕೆ ಬಿಟ್ಟು ಕೆಳಗಿಳಿದ. ಕಣ್ಣಲ್ಲಿ ನೀರಿತ್ತು, ಸುಳ್ಳೇಕೆ. ಆದರೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ದೋಣಿ ಪಕ್ಷಕ್ಕಾಗಿ ವರ್ಷಗಟ್ಟಲೆ ಮೈ ಮುರಿದು ದುಡಿದವನು ಅವನು. ಕಿರಿಬಾಸ್ ದೇಶದ ಸಂಸತ್ತಿಗೆ ಈ ಸಲ ಇನ್ನಾರು ಹೋಗಬೇಕು?

ಊರ ಶಾಲೆಯ ಮೇಷ್ಟರು ಹೋಗಲಿ ಎಂದುಬಿಟ್ಟ ಪಕ್ಷದ ಅಧ್ಯಕ್ಷ ರುತೇರು, ತುಂಬಿದ ಚಾವಡಿಯಲ್ಲಿ. ಸ್ವಂತ ಸೋದರಮಾವ!

"ಯಾಕೆ ಮಾವ, ನಾನೇನು ಕಮ್ಮಿ ಮಾಡಿದೀನಿ?"

"ಕಮ್ಮಿ ಏನಿಲ್ಲ ಕಣೋ. ಹಾಡೋದ್ರಲ್ಲಿ ನಿನ್ನ ಮೀರಿಸೋರಿಲ್ಲ. ಆದ್ರೆ ಮರ ಹತ್ತಿದ್ಮೇಲೆ ಕೆಳಗಿನವರ ಕೂಗು ನಿನ್ನ ಕಿವಿಗೆ ಬೀಳಲ್ಲ."

ಚಾವಡಿಯೆಲ್ಲ ನಕ್ಕಿತು. ಹೆಂಡತಿ ಮಾರೆಯೂ ನಕ್ಕಳು. ಆ ನಗು ತೆಬಾನೊನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಶನಿವಾರ ಅಭ್ಯರ್ಥಿಯ ಹೆಸರು ಕಳಿಸಬೇಕು. ಅಷ್ಟರೊಳಗೆ ಮುದುಕ ರುತೇರು ಇಲ್ಲವಾದರೆ ತೀರ್ಮಾನ ಉಪಾಧ್ಯಕ್ಷನದು. ಉಪಾಧ್ಯಕ್ಷ ತೆಬಾನೊನೇ.

ಆದರೆ ಜಗಳವನ್ನು ಊರೆಲ್ಲ ನೋಡಿತ್ತು. ಮುದುಕ ತಾನಾಗಿ ಜಾರಿ ಬಿದ್ದರೂ ಬೆರಳು ಇವನತ್ತಲೇ ತಿರುಗುತ್ತದೆ. ಅದಕ್ಕೂ ಉಪಾಯ ಹೊಳೆಯಿತು. ಮರ ಹತ್ತಿದವನು ಹಾಡಲೇಬೇಕು. ಮೇಲೊಬ್ಬ ಗಂಡಸಿದ್ದಾನೆಂದು ಕೆಳಗೆ ಸ್ನಾನ ಮಾಡುವ ಹೆಂಗಸರಿಗೆ ತಿಳಿಯಲೆಂದು ಅಜ್ಜಂದಿರ ಕಾಲದ ಕಟ್ಟಳೆ. ಹಾಡು ಕೇಳಿದರೆ ಸಾಕು, ಯಾರೂ ಕತ್ತೆತ್ತಿ ನೋಡುವುದಿಲ್ಲ. ತನ್ನ ಹಾಡನ್ನು ಮೊಬೈಲಿಗೆ ತುಂಬಿಸಿ, ಅದನ್ನೂ ಪಕ್ಷದ ಪ್ರಚಾರದ ಪುಟ್ಟ ಸ್ಪೀಕರನ್ನೂ ತನ್ನ ಮರದ ಗರಿಗಳ ನಡುವೆ ಕಟ್ಟಿದ. ಹೆಣ ಬೇಗ ಸಿಗಬೇಕು, ಸಿಕ್ಕಾಗ ಹಾಡು ಇನ್ನೂ ಕೇಳುತ್ತಿರಬೇಕು. ಅದಕ್ಕೇ ದೋಣಿಗಳು ಮರಳುವ ಹೊತ್ತನ್ನೇ ಆರಿಸಿದ. ಎಂಥ ತಲೆ ನನ್ನದು! ತನ್ನ ಬೆನ್ನು ತಾನೇ ತಟ್ಟಿಕೊಂಡ.

ಶುಕ್ರವಾರ ಸಂಜೆ ಎಂದಿನಂತೆ ದೋಣಿ ಕಟ್ಟುವ ಸೇತುವೆಯ ತುದಿಯಲ್ಲಿ ಗಾಳ ಹಾಕಿ ಕುಳಿತಿದ್ದ ಮುದುಕ ಹೆಜ್ಜೆ ಸಪ್ಪಳಕ್ಕೆ ತಿರುಗಿದ.

"ಬಾರೋ ಅಳಿಯ, ಕೂತ್ಕೊ. ಕೋಪ ಇಳೀತಾ?"

ತೆಬಾನೊ ಅವನ ಹೆಗಲ ಮೇಲೆ ಕೈ ಇಟ್ಟ. ಆಮೇಲೆ ತಳ್ಳಿದ. ಕೆಳಗೆ ಹವಳದ ಬಂಡೆ. ಮುದುಕ ಕೂಗಲೂ ಇಲ್ಲ.

ಕೇದಗೆ ಪೊದೆಗಳ ಮರೆಯಲ್ಲೇ ಊರಿಗೆ ಮರಳಿದ. ಮರಮರದಿಂದಲೂ ಹಾಡು, ಎಲ್ಲಕ್ಕೂ ಮೇಲೆ ಅವನದೇ ದನಿ. ತನ್ನ ಮರವನ್ನು ಹಿಂದಿನಿಂದ ಹತ್ತಿ ಎಲ್ಲರೆದುರು ಇಳಿದರಾಯಿತು. ಅಷ್ಟರಲ್ಲಿ ಇಗರ್ಜಿಯಲ್ಲಿ ಸಾವಿನ ಗಂಟೆ ಬಡಿಯಿತು. ಸಿಕ್ಕನಲ್ಲ ಮುದುಕ, ಅಂದುಕೊಂಡ ಹೊತ್ತಿಗೇ!

ಪಕ್ಕದ ಮರದ ಹಾಡು ನಿಂತಿತು. ಅದರಾಚೆಯದೂ ನಿಂತಿತು. ಒಂದೊಂದಾಗಿ ಊರಿನ ಮರಗಳೆಲ್ಲ ಬಾಯಿ ಮುಚ್ಚಿದವು. ಸಾವಿನ ಗಂಟೆ ಬಡಿದ ಮೇಲೆ ಮರದ ಮೇಲೆ ಯಾರೂ ಹಾಡುವುದಿಲ್ಲ, ಎಳೆಮಗುವಿಗೂ ಗೊತ್ತು. ಒಂದೇ ಒಂದು ದನಿ ಮಾತ್ರ ಖುಷಿಯಾಗಿ ಹಾಡುತ್ತಲೇ ಇತ್ತು. ಜನ ಮರದ ಬುಡಕ್ಕೆ ಓಡಿಬಂದರು. "ರೀ, ನಿಲ್ಸ್ರೀ! ನಿಮ್ಮ ಮಾವ ಹೋಗ್ಬಿಟ್ರು ಕಣ್ರೀ, ಕೇಳಿಸ್ತಿಲ್ವಾ?" ಮಾರೆ ಎದೆ ಬಡಿದುಕೊಂಡು ಕೂಗಿದಳು. ಪೊದೆಯೊಳಗೆ ತೆಬಾನೊ ಬಾಯಿಗೆ ಕೈ ಒತ್ತಿ ಹಿಡಿದು ಕುಳಿತ. ಮೇಲಿನ ಹಾಡು ಮುಂದಿನ ಚರಣಕ್ಕೆ ಹೊರಳಿತು. ಮೇಷ್ಟರು ಅಂಗಿ ಕಳಚಿ ಮರ ಹತ್ತತೊಡಗಿದರು.